ಚಿಕ್ಕಿ ಲೈನಿನಲ್ಲಿ ಒಡೆದ ಬಳೆ

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕುಳಿತು ಎದ್ದಿದ್ದೇನೆ. ಕಣ್ಣಿನ ಪೊರೆ ತೆಗೆಸಿದ ಮೇಲೆ ನೋಡೋಣ ಎಂದುಕೊಂಡೆ. ತೆಗೆಸಿ ಬಹಳ ದಿನವಾಯಿತು. ಮೊಮ್ಮಗಳ ಮದುವೆ ಮುಗಿಯಲಿ ಎಂದೆ. ಅವಳೀಗ ಬಾಣಂತನಕ್ಕೆ ತವರಿಗೆ ಬಂದಿದ್ದಾಳೆ. ಹೇಳಿಕೊಳ್ಳಲು ನೆವ ಉಳಿದಿಲ್ಲ. ನಾನು ಮೆಟ್ರಿಕ್‌ವರೆಗೆ ಓದಿದವನು. ಚಂದ ಮಾಡಿ ಹೇಳಲು ಬಾರದು. ಆದದ್ದನ್ನು ಆದ ಹಾಗೆ ಹೇಳುತ್ತೇನೆ.

ಬೈಲಹೊಂಗಲದ ಹೊರಗಿನ ಒಂದು ಶೇಂಗಾ ಚಿಕ್ಕಿ ಕಾರ್ಖಾನೆಯಲ್ಲಿ ನಾನು ಬೆಲ್ಲದ ಪಾಕ ನೋಡಿಕೊಳ್ಳುತ್ತಿದ್ದೆ. ಮಾಲಕರು ಯಂತ್ರಗಳ ಹೊಸ ಲೈನು ಹಾಕಿಸಿದ ವರ್ಷ ಅಪ್ರೆಂಟಿಸ್ ತರಬೇತಿ ಶುರುವಾಯಿತು. ಕಲಿಯುವವರು ಒಂದು ವರ್ಷ ಲೈನಿನ ಮೇಲೆ ಕೆಲಸ ಮಾಡುತ್ತಲೇ ಕಲಿಯಬೇಕು. ಕೊನೆಗೆ ಬೆಳಗಾವಿಯಿಂದ ಪರೀಕ್ಷಕರು ಬಂದು ಪರೀಕ್ಷೆ ಮಾಡುತ್ತಾರೆ. ಪಾಸಾದವರಿಗೆ ಸರ್ಟಿಫಿಕೇಟು, ಅದೇ ಲೈನಿನಲ್ಲಿ ಕಾಯಂ ಕೆಲಸ. ಕಲಿಸುವ ಕೆಲಸವನ್ನು ನನಗೆ ಕೊಟ್ಟರು. ಅಲ್ಲಿಯವರೆಗೆ ‘ಕಾಕಾ’ ಆಗಿದ್ದ ನಾನು ಒಂದೇ ದಿನದಲ್ಲಿ ‘ಸರ್’ ಆದೆ. ಅದು ತಲೆಗೇರಲಿಲ್ಲ ಎಂದರೆ ಸುಳ್ಳಾದೀತು.

ಮೊದಲ ತಂಡದಲ್ಲಿ ಬಂದವರೆಲ್ಲ ಹೆಣ್ಣುಮಕ್ಕಳು, ಹೆಚ್ಚಿನವರು ಮದುವೆಯಾದವರು. ಬೆಳಿಗ್ಗೆ ಸವದತ್ತಿ ಕಡೆಯ ಬಸ್ಸು ಗೇಟಿನ ಮುಂದೆ ನಿಂತಿತೆಂದರೆ ಅವರ ಮಾತು ಒಳಗಿನ ಹುರಿಯುವ ಡ್ರಮ್ಮಿನ ಸದ್ದನ್ನೂ ಮೀರಿ ಕೇಳುತ್ತಿತ್ತು. ರಾಮದುರ್ಗ ಕಡೆಯ ಒಬ್ಬ ಹೆಣ್ಣುಮಗಳು ಎಲ್ಲರಿಗಿಂತ ಹಿರಿಯಳು, ಬೈಲಹೊಂಗಲದಲ್ಲಿ ತಂಗಿಯ ಮನೆಯಲ್ಲಿ ಉಳಿದಿದ್ದಳು. ಬಾಯಿ ತೆರೆದರೆ ನಗೆ. ಚಚಡಿಯಿಂದ ಬರುವವಳು ಡಬ್ಬಿಯಲ್ಲಿ ದಿನವೂ ಶೇಂಗಾ ಹಿಂಡಿಯನ್ನೇ, ಅಂದರೆ ಶೇಂಗಾ ಚಟ್ನಿಪುಡಿಯನ್ನೇ ತರುತ್ತಿದ್ದಳು. ಇನ್ನೊಬ್ಬಳು ಮುರಗೋಡದ ಕಡೆಯವಳು, ಮಾತು ಕಡಿಮೆ. ಗಂಡ ಟೆಂಪೋ ಓಡಿಸುತ್ತಿದ್ದ. ಒಂದು ವರ್ಷ ಹೋಗಿ ನೋಡು, ಸರ್ಟಿಫಿಕೇಟು ಬಂದರೆ ಕೆಲಸ ಮಾಡು, ಬರದಿದ್ದರೆ ಹೊಲಕ್ಕೆ ನಡೆ ಎಂದು ಅತ್ತೆ ಕರಾರು ಮಾಡಿ ಕಳಿಸಿದ್ದರು. ಇದನ್ನು ಅವಳು ಮೊದಲ ದಿನವೇ, ಹೆಸರು ಹೇಳಿದಷ್ಟೇ ಸಹಜವಾಗಿ ಹೇಳಿಬಿಟ್ಟಳು.

ಅಂದು ಮೊದಲ ಪಾಠ ಕೈ ತೊಳೆಯುವುದು. ಕೂದಲು ಹೊರಗೆ ಕಾಣದಂತೆ ಟೋಪಿ, ಮೇಲೆ ಬಿಳಿ ಕೋಟು. ಆಮೇಲೆ ಮೈಮೇಲಿನ ಸಡಿಲ ವಸ್ತುಗಳೆಲ್ಲ ಹೊರಗೆ. ನಾನು ಸ್ಟೀಲಿನ ತಾಟು ಹಿಡಿದು ನಿಂತೆ. ಉಂಗುರ ಬಂದವು, ಕಿವಿಯೋಲೆ ಬಂದವು, ಮುಡಿಯ ಮಲ್ಲಿಗೆ ಬಂತು. ಬಳೆ ಬರಲಿಲ್ಲ.

“ಬಳಿನೂ ತಗೀಬೇಕ್ರವ್ವಾ,” ಎಂದೆ.

ರಾಮದುರ್ಗದವಳು ಸೊಂಟದ ಮೇಲೆ ಕೈಯಿಟ್ಟಳು. “ಸರ್ರ, ಬಳಿ ತಗಿಯಾಕ ನನ್ನ ಗಂಡ ಇನ್ನೂ ಗಟ್ಟಿ ಅದಾನ್ರಿ. ಮುಂಜಾನಿ ಎರಡ ರೊಟ್ಟಿ ಜಾಸ್ತಿನ ತಿಂದು ಹೋಗ್ಯಾನ.”

ಕೋಣೆ ತುಂಬ ನಗೆ. ನಾನೂ ನಕ್ಕೆ. ನಗುತ್ತಿರುವಾಗಲೇ ಮುರಗೋಡದವಳು ಮೂಲೆಯ ನಳದ ಹತ್ತಿರ ಹೋದಳು. ಕೈಗೆ ಸಾಬೂನು ಹಚ್ಚಿ, ಹೆಬ್ಬೆರಳನ್ನು ಒಳಗೆ ಮಡಚಿ, ಹಸಿರು ಗಾಜಿನ ಬಳೆಗಳನ್ನು ಒಂದೊಂದಾಗಿ ಜಾರಿಸಿ ತೆಗೆದಳು. ಕರವಸ್ತ್ರದಲ್ಲಿ ಕಟ್ಟಿ ತಾಟಿಗಿಟ್ಟಳು. ನಗೆ ನಿಂತಿತು.

“ಅಯ್ಯ ಶಿವನ, ಏನ್ ಮಾಡಿದಿ ತಂಗಿ!”

“ಸಂಜಿಕೆ ಹಾಕ್ಕೊಂತೇನಿ ಬಿಡಕ್ಕಾ. ನಮ್ಮ ಮನಿಯವರ ಆಯುಷ್ಯ ಇಷ್ಟ ಸಣ್ಣ ಬಳ್ಯಾಗ ಇದ್ರ ಅವರು ಟೆಂಪೋ ಹೆಂಗ ಓಡಸ್ತಾರ?”

ಉಳಿದವರು ಒಪ್ಪಲಿಲ್ಲ. ಬಳೆಗಾರ ಒತ್ತಿ ಒತ್ತಿ ಏರಿಸಿದ ಬಳೆಗಳು, ಒಡೆಯದೆ ಬರುವುದಿಲ್ಲ ಎಂದರು. ಒಡೆಯಿರಿ ಎನ್ನಲು ನನ್ನ ನಾಲಿಗೆ ಏಳಲಿಲ್ಲ. ನಾನು ಸಾಲೆಗೆ ಹೋಗುತ್ತಿದ್ದಾಗ ಅಪ್ಪ ತೀರಿಕೊಂಡ. ಓಣಿಯ ಹೆಂಗಸರು ಅವ್ವನನ್ನು ಹಿತ್ತಲಿಗೆ ಕರೆದೊಯ್ದು ಒಗೆಯುವ ಕಲ್ಲಿನ ಮೇಲೆ ಅವಳ ಕೈ ಇಟ್ಟದ್ದನ್ನು ನಾನು ಬಾಗಿಲ ಸಂದಿಯಿಂದ ನೋಡಿದ್ದೆ. ಆ ಸದ್ದು ಕೇಳಿದವನು ಇನ್ನೊಬ್ಬರ ಮನೆಯ ಹೆಣ್ಣುಮಗಳಿಗೆ ಆ ಮಾತು ಹೇಗೆ ಹೇಳಿಯಾನು? ಒಂದು ದಾರಿ ಹುಡುಕಿದೆ. ಬಳೆಗಳನ್ನು ಮೊಣಕೈ ಕಡೆ ಸರಿಸಿ, ಮೇಲೆ ಅರಿವೆಯ ಪಟ್ಟಿ ಬಿಗಿಯಾಗಿ ಸುತ್ತಿ, ಅದರ ಮೇಲೆ ಕೋಟಿನ ತೋಳು ಇಳಿಸಿ ರಬ್ಬರ್ ಹಾಕಿಕೊಳ್ಳಬೇಕು. ಹೊರಗೆ ಕಾಣುವುದಿಲ್ಲ. ಬಳೆ ನಿಷೇಧ ಎಂಬ ಹಲಗೆ ಗೋಡೆಯ ಮೇಲೆ ಇದ್ದೇ ಇತ್ತು. ಅದರ ಕೆಳಗೇ ನಿಂತು ಪಟ್ಟಿ ಸುತ್ತುವುದನ್ನು ನಾನೇ ಕಲಿಸಿದೆ.

ಆ ವರ್ಷದ ಉಳಿದ ದಿನಗಳನ್ನು ನೆನೆದರೆ ಈಗಲೂ ಮೂಗಿಗೆ ಹುರಿದ ಶೇಂಗಾದ ವಾಸನೆ ಬರುತ್ತದೆ. ಅಂಥ ತಂಡ ನನಗೆ ಮತ್ತೆ ಸಿಗಲಿಲ್ಲ. ಮೊದಲು ಹುರಿಯುವುದು ಕಲಿಸಿದೆ. ಡ್ರಮ್ಮಿನಿಂದ ಒಂದು ಹಿಡಿ ತೆಗೆದು ಅಂಗೈಯಲ್ಲಿ ತಿಕ್ಕಿದರೆ ಸಿಪ್ಪೆ ತಾನಾಗಿ ಬಿಡಬೇಕು, ಬೇಳೆ ಬಿಳಿಯಾಗಿರಬಾರದು, ಕಂದೂ ಆಗಿರಬಾರದು. ಆಮೇಲೆ ಆರಿಸುವ ಬೆಲ್ಟು. ದೀಪದ ಕೆಳಗೆ ಸರಿದು ಬರುವ ಕಾಳಿನಲ್ಲಿ ಕರಕಲು, ಮುರುಟು, ಹರಳು ಕಣ್ಣಿಗೆ ಬೀಳಬೇಕು. ಚಿಕ್ಕಿ ತಯಾರಾದ ಮೇಲೆ ಲೋಹ ಹಿಡಿಯುವ ಯಂತ್ರದೊಳಗೆ ಹಾದು ಹೋಗುತ್ತದೆ. ದಿನವೂ ಕೆಲಸಕ್ಕೆ ಮುಂಚೆ ಕಬ್ಬಿಣದ ಗುಂಡು ಕೂಡಿಸಿದ ಕಡ್ಡಿಯೊಂದನ್ನು ಅದರಲ್ಲಿ ಹಾಯಿಸಿ, ಯಂತ್ರ ಕೂಗುತ್ತದೆಯೋ ಇಲ್ಲವೋ ನೋಡಬೇಕು. ಆ ಕೂಗು ಕೇಳಿದಾಗಲೆಲ್ಲ ರಾಮದುರ್ಗದವಳು “ಅತ್ತಿ ಎದ್ಲು,” ಎನ್ನುತ್ತಿದ್ದಳು. ನಾನು ಹೇಳುತ್ತಿದ್ದೆ: “ಇದಕ್ಕ ಕಬ್ಬಿಣ ಕಾಣ್ತದ. ಗಾಜು ಕಾಣೂದಿಲ್ಲ, ಹರಳು ಕಾಣೂದಿಲ್ಲ, ಕೂದಲಾ ಕಾಣೂದಿಲ್ಲ. ಅವಕ್ಕೆಲ್ಲಾ ನಿಮ್ಮ ಕಣ್ಣ ಗತಿ.”

ಪಾಕ ಕಲಿಸಲು ತಿಂಗಳುಗಳೇ ಹಿಡಿದವು. ಬೆಲ್ಲವನ್ನು ಕರಗಿಸಿ ಜಾಲರಿಯಲ್ಲಿ ಸೋಸಿ ಕಡಾಯಿಗೆ ಬಿಟ್ಟರೆ ಮೊದಲು ದೊಡ್ಡ ಗುಳ್ಳೆ, ಆಮೇಲೆ ಸಣ್ಣ ಗುಳ್ಳೆ. ಗುಳ್ಳೆ ಸಣ್ಣದಾದ ಮೇಲೆ ಕಣ್ಣು ತೆಗೆಯುವಂತಿಲ್ಲ. ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು, ತೆಗೆದು, ಕಿವಿಯ ಹತ್ತಿರ ಹಿಡಿದು ಮುರಿಯಬೇಕು. ಟಕ್ ಎಂದರೆ ಇಳಿಸು. ಬಾಗಿದರೆ ಇನ್ನೂ ಆಗಿಲ್ಲ. ಉಷ್ಣಮಾಪಕ ಇತ್ತು, ಅದನ್ನು ಓದುವುದನ್ನೂ ಕಲಿಸಿದೆ. ಆದರೆ ಒಂದೊಂದು ಸಲ ಬರುವ ಬೆಲ್ಲ ಒಂದೊಂದು ಥರ. ಕಿವಿ ಬೇಕೇ ಬೇಕು.

ಮುರಗೋಡದವಳು ಮೊದಲ ಕಡಾಯಿಯನ್ನು ಪೂರಾ ಹೊತ್ತಿಸಿದಳು. ಕಪ್ಪು ಹೊಗೆ ಛಾವಣಿಗೆ ಹತ್ತಿತು. ನಾನು ಬೈದೆ. ಅವಳು ತಳ ಕೆರೆದು, ತೊಳೆದು, ಮತ್ತೆ ಬೆಲ್ಲ ಹಾಕಿದಳು. ಎರಡನೆಯದು ಮೆತ್ತಗಾಯಿತು, ಚಿಕ್ಕಿ ಹಲ್ಲಿಗೆ ಅಂಟಿತು. ಒಂದು ದಿನ ಹನಿ ಮುರಿದು ಕಿವಿಯಿಂದ ಕೈ ತೆಗೆಯದೆ ನನ್ನತ್ತ ತಿರುಗಿ, “ಕೇಳಿಸ್ತ್ರಿ ಸರ್ರ,” ಎಂದಳು. ಮುಖದ ತುಂಬ ಬೆವರು, ಅದರ ಮೇಲೆ ನಗು. ಆ ಹೊತ್ತಿಗೆ ನನಗಾದ ಸಂತೋಷ ನನ್ನ ಮಗ ಪಾಸಾದಾಗಲೂ ಆಗಿರಲಿಲ್ಲ.

ಮಧ್ಯಾಹ್ನ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚುತ್ತಿದ್ದರು. ನಾನು ನನ್ನ ಡಬ್ಬಿ ಹಿಡಿದು ದೂರ ಕೂತರೆ ಬಿಡುತ್ತಿರಲಿಲ್ಲ.

“ಇತ್ತಾಗ ಬರ್ರಿ ಸರ್ರ. ಈಕಿ ಮತ್ತ ಶೇಂಗಾ ಹಿಂಡಿ ತಂದಾಳ್ರಿ.”

“ದಿನಾ ಮುಂಜಾನಿಂದ ಶೇಂಗಾ ಮುಂದ ಕುಂತು ಕಣ್ಣ ಹೋಗ್ಯಾವ, ಡಬ್ಬ್ಯಾಗೂ ಅದ ಏನ ಬೇ?”

“ಬ್ಯಾಡಾದ್ರ ಬಿಡ್ರಿ,” ಎಂದು ಚಚಡಿಯವಳು ಡಬ್ಬಿ ಎಳೆದುಕೊಂಡರೆ ನಾಲ್ಕು ಕೈ ಅದನ್ನೇ ಎಳೆಯುತ್ತಿದ್ದವು.

ಶ್ರಾವಣ ಬಂತು. ಹೊಸ ಬಳೆ ಇಟ್ಟುಕೊಂಡು ಬಂದ ಹೆಂಗಸರಿಗೆ ಮುರಗೋಡದವಳ ಬರಿಗೈ ಚುಚ್ಚತೊಡಗಿತು. ಪಾಕ ಸುರಿಯುವ ಟೇಬಲ್ಲಿನಲ್ಲಿ ಇಬ್ಬಿಬ್ಬರು ಎದುರುಬದುರು ನಿಲ್ಲಬೇಕು. ಮುಂಜಾನೆ ಎದ್ದು ಅವಳ ಬರಿಗೈ ನೋಡುತ್ತ ನಿಲ್ಲುವುದಿಲ್ಲ ಎಂದು ಇಬ್ಬರು ಹಟ ಹಿಡಿದರು. ಒಬ್ಬಳ ಮೂಲಕ ಸುದ್ದಿ ಅವಳ ಅತ್ತೆಗೂ ಮುಟ್ಟಿತು. ಇತ್ತ ಪಾಕ ಟೇಬಲ್ಲಿಗೆ ಬಂದು ಲಟ್ಟಿಸುವವರಿಲ್ಲದೆ ಗಟ್ಟಿಯಾಗುತ್ತಿತ್ತು. ನಾನು ಅವಳನ್ನು ಪಕ್ಕಕ್ಕೆ ಕರೆದೆ.

“ತಂಗೀ, ನೀನೂ ಬಳಿ ಹಾಕ್ಕೊಂಡ ಬಾ. ಅವರಂಗ ಪಟ್ಟಿ ಸುತ್ಗೊ.”

“ಯಾಕ್ರಿ ಸರ್ರ? ಗಾಜು ಯಂತ್ರಕ್ಕ ಕಾಣೂದಿಲ್ಲ ಅಂತ ಕಲಿಸಿದಾವ್ರು ನೀವ.”

“ಅದು ಪರೀಕ್ಷಾಕ್ಕ ಬೇ. ಇಲ್ಲಿ ನಾಕ ಮಂದಿ ಕೂಡ ಕೆಲಸ ಆಗಬೇಕಲ್ಲ?”

ಅವಳು ತನ್ನ ಕೈ ನೋಡಿಕೊಂಡಳು. “ಒಡದ್ರ?”

“ಒಡದ್ರ ನಾ ಅದೇನಿ.”

ಈ ಮಾತನ್ನು ನಾನು ಯೋಚಿಸಿ ಆಡಿದ್ದಲ್ಲ. ಪಾಕ ಆರುತ್ತಿತ್ತು, ಬೇಗ ಮುಗಿಯಲಿ ಎಂದು ಆಡಿದ್ದು. ಮರುದಿನ ಅವಳು ಬಳೆ ಹಾಕಿಕೊಂಡು ಬಂದಳು. ಟೇಬಲ್ಲಿನ ಸುತ್ತ ನಗೆ ಮರಳಿತು. ಸಮಾಧಾನ ಮಾಡುವುದು ನನಗೆ ಗೊತ್ತು ಎಂದು ನಾನೂ ಬೀಗಿದೆ.

ಪರೀಕ್ಷೆ ಹತ್ತಿರ ಬಂದಿತ್ತು. ಸಂಕ್ರಮಣದ ಬೇಡಿಕೆಯ ಮಾಲು ಹೊರಡಬೇಕಿತ್ತು. ಅಂದು ಕತ್ತರಿಸುವ ಉರುಳೆಯ ಹತ್ತಿರ ಒಂದು ಹಾಳೆ ಚಿಕ್ಕಿ ಓರೆಯಾಗಿ ಸಿಕ್ಕಿಕೊಂಡಿತು. ಕಲಿಸಿದ ಹಾಗೆಯೇ ಮುರಗೋಡದವಳು ಉರುಳೆ ನಿಲ್ಲಿಸಿ, ಮರದ ಪಟ್ಟಿಯಿಂದ ಅದನ್ನು ಎಬ್ಬಿಸಿದಳು. ಹಾಳೆ ಒಮ್ಮೆಲೆ ಬಿಟ್ಟುಕೊಂಡಿತು. ಅವಳ ಮುಂಗೈ ಕಬ್ಬಿಣದ ಅಡ್ಡಪಟ್ಟಿಗೆ ಬಡಿಯಿತು. ಅರಿವೆ ಸುತ್ತಿದ್ದರಿಂದ ಸದ್ದು ಯಾರಿಗೂ ಕೇಳಲಿಲ್ಲ. ಅವಳಿಗೊಬ್ಬಳಿಗೇ ಗೊತ್ತು. ತೋಳು ಕೊಡವಿ ಸುಮ್ಮನಿದ್ದಿದ್ದರೆ ಜಗತ್ತಿಗೆ ತಿಳಿಯುತ್ತಿರಲಿಲ್ಲ. ಅವಳು ಕೆಂಪು ಗುಂಡಿ ಒತ್ತಿದಳು. ಇಡೀ ಲೈನು ನಿಂತಿತು.

“ಯಾರೂ ಅಲಗ್ಯಾಡಬ್ಯಾಡ್ರಿ. ನನ್ನ ಬಳಿ ಒಡದೈತಿ.”

ಗಾಜು ಒಡೆದರೆ ಮಾಡಬೇಕಾದ ಕ್ರಮವನ್ನು ನಾನೇ ಕಲಿಸಿದ್ದೆ. ನಿಂತವರು ನಿಂತಲ್ಲೇ. ಚಪ್ಪಲಿಯ ಅಡಿ ನೋಡಬೇಕು. ಒಬ್ಬೊಬ್ಬರಾಗಿ ಹೊರಗೆ. ಸುತ್ತ ಹಗ್ಗ ಕಟ್ಟಿ, ಚೂರುಗಳನ್ನೆಲ್ಲ ಹೆಕ್ಕಿ ಬಿಳಿ ತಾಟಿನ ಮೇಲೆ ಜೋಡಿಸಬೇಕು. ವಸ್ತು ಪೂರ್ತಿ ಕೂಡಿದರೆ ಮಾಲು ಉಳಿಯುತ್ತದೆ, ಒಂದು ಚೂರು ಕಡಿಮೆಯಾದರೂ ಹಿಂದಿನ ತಪಾಸಣೆಯಿಂದ ಈಚೆಗಿನ ಮಾಲೆಲ್ಲ ಕಸದ ಗುಂಡಿಗೆ. ಉಳಿದವರನ್ನು ಬಟ್ಟೆ ಬದಲಿಸುವ ಕೋಣೆಗೆ ಕಳಿಸಿ, ನಾನೂ ಅವಳೂ ನೆಲಕ್ಕೆ ಕೂತೆವು. ಬ್ಯಾಟರಿ ಬೆಳಕು ಹಿಡಿದು ಹುಡುಕಿದೆವು. ಅರಿವೆಯೊಳಗೆ ಸಿಕ್ಕವು, ಟ್ರೇಯ ಅಂಚಿನಲ್ಲಿ ಸಿಕ್ಕವು. ಅವಳು ಚಿಮಟದಿಂದ ಒಂದೊಂದಾಗಿ ಇಟ್ಟಳು. ದುಂಡು ಕೂಡುತ್ತ ಬಂತು. ಕೊನೆಗೆ ಜೋಳದ ಕಾಳಿನಷ್ಟು ಜಾಗ ಉಳಿಯಿತು. ಆ ಚೂರು ಸಿಗಲೇ ಇಲ್ಲ.

ಮ್ಯಾನೇಜರು ಬಂದರು. ನನಗಿಂತ ಬಹಳ ಸಣ್ಣ ವಯಸ್ಸಿನವರು, ನ್ಯಾಯವಾದ ಮನುಷ್ಯ. ತಾಟು ನೋಡಿದರು. ಎಲ್ಲರನ್ನೂ ಒಳಗೆ ಕರೆಸಿ ತೋಳು ಏರಿಸಲು ಹೇಳಿದರು. ಆದರೆ ಏರಿಸಿದ ತೋಳುಗಳೆಲ್ಲ ಬರಿದಾಗಿದ್ದವು. ನಾವು ಚೂರು ಹುಡುಕುತ್ತಿದ್ದಾಗ ಅವರು ನಳದ ಕೆಳಗೆ ಸಾಬೂನು ಹಚ್ಚಿ ತಿಕ್ಕಿ ತೆಗೆದಿದ್ದರು. ಬಾರದವುಗಳನ್ನು ಹಿತ್ತಲಿಗೆ ಹೋಗಿ ಒಡೆದಿದ್ದರು. ರಾಮದುರ್ಗದವಳ ಮುಂಗೈಯಲ್ಲಿ ರಕ್ತ ಜಿನುಗುತ್ತಿತ್ತು. ಇಡೀ ಲೈನಿನಲ್ಲಿ ಬಳೆ ತೊಟ್ಟು ನಿಂತವಳು ಒಬ್ಬಳೇ, ಮೊದಲ ದಿನ ತಾನಾಗಿ ತೆಗೆದಿಟ್ಟವಳು.

“ಯಾರ್ ಹೇಳಿದ್ರಮ್ಮಾ ಹಾಕ್ಕೊಂಡ ಬರಾಕ?” ಮ್ಯಾನೇಜರು ಕೇಳಿದರು.

“ಸರ್ ಹೇಳ್ಯಾರ್ರಿ.”

ಅವರು ನನ್ನತ್ತ ತಿರುಗಿದರು. ಅವಳೂ ನೋಡಿದಳು. ಅವಳ ನೋಟದಲ್ಲಿ ಹೆದರಿಕೆ ಇರಲಿಲ್ಲ. ಈಗ ಸರ್ ಹೇಳುತ್ತಾರೆ ಎಂದು ಕಾಯುವ ನೋಟ.

“ಬರಿಗೈಲೆ ಬರ್ರಿ ಅಂತ ಮೊದಲನೇ ದಿನನ ಹೇಳೇನ್ರಿ ಸಾಹೇಬ್ರ, ಎಲ್ಲಾರಿಗೂ,” ಎಂದೆ.

ಆ ಮಾತಿನಲ್ಲಿ ಒಂದು ಪದವೂ ಸುಳ್ಳಲ್ಲ. ಹಾಗೆ ಆಯ್ದು ಆಡಲು ನನಗೆ ಅಷ್ಟು ಬೇಗ ಹೇಗೆ ಬಂತೋ ಇಂದಿಗೂ ತಿಳಿಯದು. ಹೆಂಗಸರು ನೆಲ ನೋಡಿದರು. ಸಂಕ್ರಮಣದ ಮಾಲು ಗಾಡಿಗಟ್ಟಲೆ ಗುಂಡಿಗೆ ಹೋಯಿತು.

ಅದೇ ಸಂಜೆ ಮ್ಯಾನೇಜರು ನನ್ನನ್ನು ಕೋಣೆಗೆ ಕರೆದರು. “ಕಾಕಾ, ಆಕಿ ಕೆಲಸ ಚೊಲೊ ಅದ. ಒಡದದ್ದನ್ನ ತಾನ ಹೇಳ್ಯಾಳ. ಮಾಲಕರು ತಗದ ಹಾಕ್ರಿ ಅನ್ನಾಕತ್ತಾರ. ನೀವೊಂದ ಮಾತ ಹೇಳಿದ್ರ ಎಚ್ಚರಿಕೆ ಕೊಟ್ಟು ಪರೀಕ್ಷಾಕ್ಕ ಕೂಡಸ್ತೇನಿ. ಏನಂತೀರಿ?”

ಬಾಗಿಲು ಮುಚ್ಚಿತ್ತು. ಕೇಳುವವರು ಅವರೊಬ್ಬರೇ. ನಿಜ ಹೇಳಲು ಅದಕ್ಕಿಂತ ಒಳ್ಳೆಯ ಜಾಗ ಸಿಗುತ್ತಿರಲಿಲ್ಲ. ಆದರೆ ನನ್ನ ನಿವೃತ್ತಿಯ ನಂತರವೂ ಕಲಿಸಲು ಇಟ್ಟುಕೊಳ್ಳುವ ಮಾತು ಆಗ ನಡೆದಿತ್ತು. ಪಟ್ಟಿ ಸುತ್ತುವುದನ್ನು ಕಲಿಸಿದವನು ನಾನೇ ಎಂದು ತಿಳಿದರೆ ಮತ್ತೆ ಸರ್ ಎನ್ನುವವರು ಯಾರು? ಅವಳ ಪರವಾಗಿ ಒಂದು ಮಾತು ಹೇಳಿದರೂ ಸಾಕಿತ್ತು. ಅವಳು ಉಳಿದರೆ ದಿನವೂ ಎದುರಿಗಿರುತ್ತಾಳೆ ಎಂಬುದೂ ಮನಸ್ಸಿಗೆ ಬಂತು. ಇದನ್ನೂ ಬರೆಯಬೇಕು.

“ನಿಯಮ ಅಂದ ಮ್ಯಾಲೆ ಎಲ್ಲಾರಿಗೂ ಒಂದ ಅಲ್ಲೇನ್ರಿ ಸಾಹೇಬ್ರ,” ಎಂದೆ.

ಮರುದಿನ ಅವಳು ಕೋಟು, ಟೋಪಿ ಒಗೆದು ಮಡಚಿ ತಂದುಕೊಟ್ಟಳು. ಜಗಳವಾಡಲಿಲ್ಲ. ನಾನು ಕೊಟ್ಟ ಮಾತನ್ನೂ ಎತ್ತಲಿಲ್ಲ. “ಬರ್ತೇನ್ರಿ ಸರ್ರ,” ಎಂದು ಎಂದಿನಂತೆ ಹೇಳಿ ಗೇಟು ದಾಟಿದಳು. ಬೇವಿನ ಮರದ ಕೆಳಗೆ ಅಂದು ಯಾರೂ ನನ್ನನ್ನು ಕರೆಯಲಿಲ್ಲ. ರಾಮದುರ್ಗದವಳು ಡಬ್ಬಿ ತೊಳೆಯಲು ಬಂದಾಗ ನನ್ನ ಪಕ್ಕದಲ್ಲಿ ನಿಂತಳು.

“ನಾವೂ ಬಾಯಿ ಬಿಡಲಿಲ್ರಿ ಸರ್ರ. ನಮ್ಮದ ನಾವು ಉಂತೇವಿ. ನಿಮ್ಮದ ನೀವು ಉಣ್ರಿ.”

ಪರೀಕ್ಷೆಯಲ್ಲಿ ಉಳಿದವರೆಲ್ಲ ಪಾಸಾದರು. ಗಾಜು ಒಡೆದರೆ ಏನು ಮಾಡುತ್ತೀರಿ ಎಂದು ಪರೀಕ್ಷಕರು ಕೇಳಿದಾಗ ರಾಮದುರ್ಗದವಳು ಎಲ್ಲೂ ತಡವರಿಸದೆ ಕ್ರಮವಾಗಿ ಹೇಳಿದಳು. ಇಷ್ಟು ಚೆನ್ನಾಗಿ ಕಲಿಸಿದ್ದೀರಿ ಎಂದು ಪರೀಕ್ಷಕರು ನನ್ನ ಕೈ ಕುಲುಕಿದರು. ನಾನು ಇನ್ನೂ ಕೆಲವು ವರ್ಷ ಸರ್ ಆಗಿಯೇ ಉಳಿದೆ. ಮುಂದಿನ ತಂಡಗಳಿಗೆ ಬಳೆಯ ವಿಷಯದಲ್ಲಿ ಒಂದಿಷ್ಟೂ ಸಡಿಲ ಬಿಡಲಿಲ್ಲ. ಮೊದಲ ದಿನವೇ ಎಲ್ಲರೂ ತೆಗೆದರು. ಅಂಜಿದಷ್ಟು ಕಷ್ಟದ ಕೆಲಸ ಅದಾಗಿರಲಿಲ್ಲ.

ಕೆಲಸ ಬಿಟ್ಟ ಮೇಲೆ ಒಮ್ಮೆ ಸವದತ್ತಿ ಬಸ್ ನಿಲ್ದಾಣದಲ್ಲಿ ಅವಳು ಸಿಕ್ಕಳು. ನಾನು ಗುರುತು ಹಿಡಿಯದವನಂತೆ ಮುಖ ತಿರುಗಿಸಿದ್ದೆ. ಅವಳೇ ಬಂದು ಮುಂದೆ ನಿಂತಳು. ಬಿಸಿಲಿಗೆ ಕಂದಿದ ಮುಖ, ಕೈಯಲ್ಲಿ ಬಿತ್ತುವ ಕಡ್ಲಿಯ ಚೀಲ.

“ಆರಾಮ ಅದೀರಿಲ್ರಿ ಸರ್ರ? ಚಾ ಕುಡೀತೀರೇನ್ರಿ?”

ಚಹ ತಂದಳು. ನಿಂತುಕೊಂಡೇ ಕುಡಿದೆವು. ಈಗ ಪಾಕಕ್ಕೆ ಯಾರಿದ್ದಾರೆ ಎಂದು ಕೇಳಿದಳು. ಉಷ್ಣಮಾಪಕ ಬದಲಿಸಿದರೇ, ಚಚಡಿಯವಳಿಗೆ ಮಗುವಾಯಿತೇ ಎಂದು ಕೇಳಿದಳು. ಮನೆಯಲ್ಲಿ ಒಂದು ಸಲ ಚಿಕ್ಕಿ ಮಾಡಿದೆ ಎಂದಳು.

“ಹನಿ ಮುರದು ಕಿವಿಗೆ ಹಿಡದೆ ನೋಡ್ರಿ, ನಮ್ಮತ್ತಿ ಏನಾತ ಈಕಿಗೆ ಅಂತ ನೋಡಾಕತ್ತಿದ್ರು.” ಅವಳು ನಕ್ಕಳು. ಆಮೇಲೆ ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದಳು. “ಆ ಲೈನು ಭಾಳ ನೆನಪಾಗ್ತದ್ರಿ.”

ಮಾತು ನಾಲಿಗೆಯ ತುದಿಗೆ ಬಂದಿತ್ತು. ಲೋಟ ಕೆಳಗಿಟ್ಟೆ, ಗಂಟಲು ಸರಿಮಾಡಿಕೊಂಡೆ. ಅವಳೂ ಸುಮ್ಮನೆ ಕಾದಳು, ಅಂದು ತಾಟಿನ ಮುಂದೆ ಕಾದ ಹಾಗೆಯೇ.

“ಈ ಸಲ ಹಿಂಗಾರಿ ಮಳಿ ಹೆಂಗದವ್ವಾ ನಿಮ್ಮ ಕಡೆ?” ಎಂದೆ.

“ಬರೊಬ್ಬರಿ ಆಗ್ಯಾವ್ರಿ,” ಎಂದಳು. ಮುರಗೋಡದ ಬಸ್ಸು ಬಂತು. ಹತ್ತಿ ಹೋದಳು.

ಇಷ್ಟು ಹೊತ್ತೂ ಮುರಗೋಡದವಳು, ಮುರಗೋಡದವಳು ಎಂದೇ ಬರೆದೆ. ಅವಳ ಹೆಸರು ಮರೆತಿಲ್ಲ. ಅವಳಿಗೆ ಮುಖ ಕೊಟ್ಟು ಹೇಳಬೇಕಾದದ್ದನ್ನು ಕಾಗದದ ಮೇಲೆ ಹೇಳುತ್ತಿದ್ದೇನೆ. ಇದು ಕ್ಷಮೆ ಕೇಳಿದ ಹಾಗಲ್ಲ ಎಂಬುದೂ ಗೊತ್ತು. ಆದರೂ ಬಳೆ ಹಾಕಿಕೊಂಡು ಬರಲು ಯಾರು ಹೇಳಿದರು ಎಂದು ಮ್ಯಾನೇಜರು ಕೇಳಿದ ಪ್ರಶ್ನೆಗೆ ಅಂದು ಕೊಡದ ಉತ್ತರವನ್ನು ಕೊಟ್ಟುಬಿಡುತ್ತೇನೆ. ಹೇಳಿದವನು ನಾನು, ನೀಲವ್ವಾ.